‘ನೀನು’ ಕಳೆದುಕೊಂಡ ನುಡಿ

ಇಂಗ್ಲಿಷ್ ಕಲಿಯಲು ತೊಡಗಿದ ನಮ್ಮ ಮಕ್ಕಳು ಮೊದಮೊದಲಿಗೇ ಗಟ್ಟಿಮಾಡುವ ಪಾಠ ಒಂದಿದೆ: ‘ಐ ಆ್ಯಮ್, ಹೀ ಈಸ್, ಯೂ ಆರ್’. ನಾನು ಒಬ್ಬ, ನನಗೆ ‘ಆ್ಯಮ್’. ಅವನು ಒಬ್ಬ, ಅವನಿಗೆ ‘ಈಸ್’. ಎದುರಿಗೆ ನಿಂತು ಕೇಳುತ್ತಿರುವವನೂ ಒಬ್ಬನೇ; ಅವನಿಗೆ ಮಾತ್ರ ಬಹುವಚನದ ‘ಆರ್’ ಯಾತಕ್ಕೆ? ಹೀಗೆಂದು ಕೇಳುವ ಹುಡುಗ ತರಗತಿಗೊಬ್ಬನಾದರೂ ಇರುತ್ತಾನೆ. ‘ಅದು ಇರುವುದೇ ಹಾಗೆ, ಬಾಯಿಪಾಠ ಮಾಡು’ ಎಂಬ ಉತ್ತರವೂ ಸಿದ್ಧವಾಗಿರುತ್ತದೆ. ಆದರೆ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಆ ಒಂದು ‘ಆರ್’ನ ಹಿಂದೆ ಹಲವು ಶತಮಾನಗಳ ಕಥೆಯಿದೆ. ಅದರಲ್ಲಿ ಚಕ್ರವರ್ತಿಗಳ ಬಿಂಕವಿದೆ, ನ್ಯಾಯಾಲಯದ ನಂಜಿದೆ, ತಂದೆಯ ಕೈಯಲ್ಲಿ ಗುದ್ದು ತಿಂದ ಮಗನಿದ್ದಾನೆ. ಈ ಹೊತ್ತು ನಾನು ಹೇಳಹೊರಟಿರುವುದು ‘ಯೂ’ ಎಂಬ ಆ ಪುಟ್ಟ ಮಾತಿನ ಚರಿತ್ರೆಯನ್ನು.

ಈ ಮಾತಿನ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಅಭಿಪ್ರಾಯಗಳಿವೆ. ‘ಇಂಗ್ಲಿಷಿನಲ್ಲಿ ಮಾನ ಮರ್ಯಾದೆಯೆಂಬುದೇ ಇಲ್ಲ, ಅಪ್ಪನಿಗೂ ಯೂ, ಆಳಿಗೂ ಯೂ’ ಎಂದು ಮೂಗು ಮುರಿಯುವ ಹಿರಿಯರು ಒಂದು ಕಡೆ. ‘ಎಂಥ ಸಮಾನತೆ ನೋಡಿ, ಅಪ್ಪನಿಗೂ ಯೂ, ಆಳಿಗೂ ಯೂ’ ಎಂದು ಮೆಚ್ಚುವ ಕಿರಿಯರು ಇನ್ನೊಂದು ಕಡೆ. ನಿಂದೆಯೂ ಸ್ತುತಿಯೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ‘ಯೂ’ ಎಂದರೆ ನಮ್ಮ ‘ನೀನು’ ಎಂದು. ಚರಿತ್ರೆ ಹೇಳುವುದು ಬೇರೆ. ‘ಯೂ’ ಎಂದರೆ ನಮ್ಮ ‘ನೀವು’. ಇಂಗ್ಲಿಷಿಗೆ ‘ನೀನು’ ಎಂಬುದೂ ಇತ್ತು. ಅದನ್ನು ಅದು ಕಳೆದುಕೊಂಡಿತು. ಇಂಗ್ಲಿಷಿನವನು ಈಗ ಆಳನ್ನು ಮಾತ್ರವಲ್ಲ, ಮಡದಿಯನ್ನೂ ತೊಡೆಯ ಮೇಲಿನ ಕೂಸನ್ನೂ ಮನೆಯ ನಾಯಿಯನ್ನೂ ‘ನೀವು’ ಎಂದೇ ಮಾತಾಡಿಸುತ್ತಿದ್ದಾನೆ. ಬಹುವಚನದ ‘ಆರ್’ ಅದರ ಸಾಕ್ಷಿಯಾಗಿ ಉಳಿದುಕೊಂಡಿದೆ.

ಮೊದಲಿನಿಂದ ನೋಡೋಣ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಎದುರಿಗಿರುವವನು ಒಬ್ಬನಾದರೆ ಹೆಚ್ಚುಕಡಿಮೆ ‘ಥೂ’ ಎಂದು ಕೇಳಿಸುವ ಪದವೊಂದಿತ್ತು. ನಮ್ಮ ಕಿವಿಗೆ ಅದು ಉಗುಳುವ ಸದ್ದು. ಅವರಿಗೆ ಅದು ಸಹಜವಾದ ಸಂಬೋಧನೆ. ಸಂಸ್ಕೃತದ ‘ತ್ವಮ್’, ಲ್ಯಾಟಿನ್ನಿನ ‘ತೂ’, ಹಿಂದಿಯ ‘ತೂ’ ಎಲ್ಲವೂ ಅದರ ಬಂಧುಗಳೇ. ಎದುರಿಗೆ ಹಲವರಿದ್ದರೆ ‘ಯೇ’ ಎನ್ನುತ್ತಿದ್ದರು. ಇದು ಸಂಸ್ಕೃತದ ‘ಯೂಯಮ್’ಗೆ ನೆಂಟ. ಇಬ್ಬರೇ ಇದ್ದರೆ, ಸಂಸ್ಕೃತದ ‘ಯುವಾಮ್’ ಹಾಗೆ, ಪ್ರತ್ಯೇಕವಾದ ದ್ವಿವಚನವೂ ಇತ್ತು. ಕಾಲಾಂತರದಲ್ಲಿ ‘ಥೂ’ ಎಂಬುದು ‘ದೌ’ ಆಯಿತು, ‘ಯೇ’ ಎಂಬುದು ‘ಯೀ’ ಆಯಿತು. ‘ಯೂ’ ಎಂಬುದು ಈ ‘ಯೀ’ಯ ವಿಭಕ್ತಿರೂಪ, ಅಂದರೆ ‘ನಿಮ್ಮನ್ನು, ನಿಮಗೆ’ ಎಂಬ ಅರ್ಥದ್ದು. ಆ ಕಾಲದ ಇಂಗ್ಲಿಷಿನಲ್ಲಿ ಇವುಗಳ ನಡುವೆ ಇದ್ದದ್ದು ಎಣಿಕೆಯ ಭೇದ ಮಾತ್ರ, ಮರ್ಯಾದೆಯ ಭೇದವಲ್ಲ. 871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ದೊರೆಯನ್ನು ಅವನ ಸೇವಕನು ಏಕವಚನದಲ್ಲಿಯೇ ಮಾತಾಡಿಸಿದರೂ ಅದರಲ್ಲಿ ಉದ್ಧಟತನವೇನೂ ಇರಲಿಲ್ಲ. ಒಬ್ಬನು ಒಬ್ಬನೇ, ದೊರೆಯಾದರೂ ಸರಿ.

ಹಾಗಾದರೆ ಒಬ್ಬನನ್ನು ಹಲವರನ್ನಾಗಿ ಮಾಡಿ ಮಾತಾಡಿಸುವ ಈ ರೂಢಿ ಅಲ್ಲಿಗೆ ಎಲ್ಲಿಂದ ಬಂತು? ಅದರ ಬೇರು ರೋಮ್ ಸಾಮ್ರಾಜ್ಯದಲ್ಲಿದೆ. ನಾಲ್ಕನೆಯ ಶತಮಾನದ ಹೊತ್ತಿಗೆ ಅಲ್ಲಿ ಚಕ್ರವರ್ತಿಯೊಬ್ಬನನ್ನು ‘ತೂ’ ಎನ್ನುವುದರ ಬದಲು ಬಹುವಚನದ ‘ವೋಸ್’ ಎಂದು ಸಂಬೋಧಿಸತೊಡಗಿದರು. ಆಗ ಪೂರ್ವಕ್ಕೊಬ್ಬ, ಪಶ್ಚಿಮಕ್ಕೊಬ್ಬ ಚಕ್ರವರ್ತಿಯಿದ್ದುದರಿಂದ ಒಬ್ಬನೊಡನೆ ಆಡಿದ ಮಾತು ಇಬ್ಬರಿಗೂ ಸಲ್ಲಲಿ ಎಂಬ ಎಣಿಕೆಯಿಂದ ಹೀಗಾಯಿತೆಂದು ಒಂದು ವಿವರಣೆಯುಂಟು. ತನ್ನನ್ನು ತಾನೇ ‘ನಾವು’ ಎಂದುಕೊಳ್ಳುವವನಿಗೆ ‘ನೀವು’ ಎನ್ನದೆ ವಿಧಿಯಿಲ್ಲವೆಂಬುದು ಇನ್ನೊಂದು. ಕಾರಣವೇನೇ ಇರಲಿ, ಅರಮನೆಯಲ್ಲಿ ಹುಟ್ಟಿದ್ದು ಅರಮನೆಯಲ್ಲಿಯೇ ಉಳಿಯಲಿಲ್ಲ. ಚಕ್ರವರ್ತಿಗೆ ಸಂದದ್ದು ಸಾಮಂತನಿಗೆ ಬೇಕಾಯಿತು, ಸಾಮಂತನಿಗೆ ಸಂದದ್ದು ಊರ ಸಿರಿವಂತನಿಗೆ ಬೇಕಾಯಿತು. ಫ್ರೆಂಚ್ ಭಾಷೆಯಲ್ಲಿ ‘ತು’ ಮತ್ತು ‘ವೂ’ ಎಂಬ ಎರಡು ಮೆಟ್ಟಿಲುಗಳು ಗಟ್ಟಿಯಾದವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಮೇಲೆ ಅಲ್ಲಿಯ ಆಳುವವರ ಭಾಷೆ ಫ್ರೆಂಚ್ ಆಯಿತಷ್ಟೆ. ಆಳುವವರ ನಡೆನುಡಿಯನ್ನು ಆಳಿಸಿಕೊಳ್ಳುವವರು ಅನುಸರಿಸುವುದು ಎಲ್ಲ ಕಾಲದ ರೂಢಿ. ಹದಿಮೂರನೆಯ ಶತಮಾನದಿಂದ ಇಂಗ್ಲಿಷಿನಲ್ಲಿಯೂ ಒಬ್ಬನೇ ದೊಡ್ಡವನನ್ನು ಬಹುವಚನದಿಂದ ಕರೆಯುವ ಪದ್ಧತಿ ಕಾಣಿಸಿಕೊಂಡಿತು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾವ್ಯದಲ್ಲಿ ಅದು ಚೆನ್ನಾಗಿ ಬೇರೂರಿರುವುದನ್ನು ನೋಡಬಹುದು.

ಇಲ್ಲಿಂದ ಮುಂದಕ್ಕೆ ಸುಮಾರು ಮುನ್ನೂರು ವರ್ಷ ಇಂಗ್ಲಿಷರ ಬಾಳು ಈ ವಿಷಯದಲ್ಲಿ ನಮ್ಮ ಬಾಳಿನ ಹಾಗೆಯೇ ಇತ್ತು. ಮೇಲಿನವನಿಗೆ ‘ಯೂ’, ಕೆಳಗಿನವನಿಗೆ ‘ದೌ’. ಗೆಳೆಯರು ಏಕಾಂತದಲ್ಲಿ ‘ದೌ’, ನಾಲ್ಕು ಜನರೆದುರಿಗೆ ‘ಯೂ’. ಒಲುಮೆ ಬಂದಾಗ ‘ದೌ’. ಸಿಟ್ಟು ಬಂದಾಗಲೂ ‘ದೌ’. ದೇವರಿಗೆ ಮಾತ್ರ ಎಂದೆಂದೂ ‘ದೌ’. ನಮ್ಮ ವಚನಕಾರರೂ ದಾಸರೂ ತಮ್ಮ ದೇವರನ್ನು ‘ನೀನು’ ಎಂದೇ ಕರೆದರಲ್ಲವೇ? ಇಬ್ಬರು ಜಗಳವಾಡಿ ಮಾತು ಮೀರಿದಾಗ ‘ಏಕವಚನಕ್ಕಿಳಿದರು’ ಎನ್ನುತ್ತೇವೆ ನಾವು. ಇಂಗ್ಲಿಷರಲ್ಲಿಯೂ ಆಗ ಅದಕ್ಕೆಂದೇ ಒಂದು ಕ್ರಿಯಾಪದವಿತ್ತು: ಒಬ್ಬನನ್ನು ‘ದೌ ಮಾಡುವುದು’, ಅಂದರೆ ಏಕವಚನದಲ್ಲಿ ಮಾತಾಡಿಸಿ ಕೀಳುಮಾಡುವುದು.

ಒಂದೇ ಪದ ಒಲವಿಗೂ ತಿರಸ್ಕಾರಕ್ಕೂ ಒದಗುವುದು ಹೇಗೆ? 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಈ ಪ್ರಶ್ನೆಯನ್ನೆತ್ತಿಕೊಂಡು ಪ್ರಸಿದ್ಧವಾದ ಪ್ರಬಂಧವೊಂದನ್ನು ಬರೆದರು. ಯುರೋಪಿನ ಇಂಥ ಸರ್ವನಾಮಗಳಲ್ಲಿ ಎರಡು ಎಳೆಗಳಿವೆ ಎಂಬುದು ಅವರ ವಾದ. ಒಂದು ಅಧಿಕಾರದ್ದು, ಇನ್ನೊಂದು ಒಡನಾಟದ್ದು. ನಾನು ಅದನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಿಕೊಳ್ಳುತ್ತೇನೆ: ‘ನೀನು’ ಎನ್ನಿಸಿಕೊಂಡವನು ತಿರುಗಿ ‘ನೀನು’ ಎನ್ನಬಹುದಾದರೆ ಅದು ಸ್ನೇಹ, ಎನ್ನಲಾಗದಿದ್ದರೆ ಅದು ಅಧಿಕಾರ. ಪದ ಅದೇ, ಅದು ಹಿಂದಿರುಗಿ ಬರಬಹುದೇ ಇಲ್ಲವೇ ಎಂಬುದರಲ್ಲಿ ಇದೆ ಎಲ್ಲ ವ್ಯತ್ಯಾಸ.

ಶೇಕ್ಸ್‌ಪಿಯರ್ ಬರೆದದ್ದು ಈ ಎರಡು ಪದಗಳೂ ಜೀವಂತವಾಗಿದ್ದ ಕಾಲದಲ್ಲಿ. ಅವನ ನಾಟಕಗಳಲ್ಲಿ ‘ದೌ’ನಿಂದ ‘ಯೂ’ಗೆ, ‘ಯೂ’ನಿಂದ ‘ದೌ’ಗೆ ಆಗುವ ಪಲ್ಲಟವನ್ನು ಗಮನಿಸದೆ ಓದಿದರೆ ಅರ್ಧ ನಾಟಕವನ್ನು ಓದದೆ ಬಿಟ್ಟಂತೆಯೇ ಸರಿ. ಹ್ಯಾಮ್ಲೆಟ್ ತನ್ನ ತಾಯಿಯ ಅಂತಃಪುರಕ್ಕೆ ಬರುವ ದೃಶ್ಯವನ್ನು ನೆನೆಯಿರಿ. ತಾಯಿ ಮಗನನ್ನು ‘ದೌ’ ಎಂದೇ ಮಾತಾಡಿಸುತ್ತಾಳೆ. ತಾಯಿಯ ಬಾಯಿಗೆ ಅದೇ ಸಹಜ. ತಂದೆಗೆ ನೀನು ನೋವುಂಟುಮಾಡಿದೆ ಎಂದು ಅವಳ ಆಕ್ಷೇಪ. ಅವಳ ಲೆಕ್ಕದಲ್ಲಿ ತಂದೆಯೆಂದರೆ ಅವಳ ಹೊಸ ಗಂಡ. ಮಗ ಅದೇ ಮಾತನ್ನು ತಿರುಗಿಸಿ ಅವಳ ಮೇಲೆಯೇ ಎಸೆಯುತ್ತಾನೆ. ಆದರೆ ‘ಯೂ’ ಬಳಸಿ ಎಸೆಯುತ್ತಾನೆ. ಮಗನು ತಾಯಿಗೆ ಬಹುವಚನವನ್ನು ಸಲ್ಲಿಸುವುದು ಅಂದಿನ ಶಿಷ್ಟಾಚಾರವೇ. ಆದರೆ ಆ ಶಿಷ್ಟಾಚಾರದ ತಣ್ಣಗಿನ ಅಂಚು ಅಲ್ಲಿ ಚೂರಿಯ ಹಾಗೆ ಕೆಲಸ ಮಾಡುತ್ತದೆ. ಪೆಟ್ಟು ತಾಗಿದ ಕೂಡಲೇ ತಾಯಿಯ ಬಾಯಿಯಲ್ಲಿಯೂ ‘ದೌ’ ಹೋಗಿ ‘ಯೂ’ ಬರುತ್ತದೆ. ಎರಡು ಮೂರು ಸಾಲುಗಳೊಳಗೆ ತಾಯಿ ಮಕ್ಕಳ ನಡುವೆ ಗೋಡೆಯೊಂದು ಎದ್ದುಬಿಟ್ಟಿತು. ಇಂದಿನ ಇಂಗ್ಲಿಷ್ ಪ್ರೇಕ್ಷಕನ ಕಿವಿಗೆ ಆ ಗೋಡೆ ಎದ್ದ ಸದ್ದು ಕೇಳಿಸದು. ಕನ್ನಡದ ಪ್ರೇಕ್ಷಕನಿಗೆ, ಅನುವಾದಕನು ಎಚ್ಚರವಾಗಿದ್ದರೆ, ಕೇಳಿಸಬಲ್ಲದು.

ಲಿಯರ್ ಮಹಾರಾಜನ ಕಥೆಯಲ್ಲಿಯೂ ಅಷ್ಟೆ. ರಾಜನು ಕೋಪಾಂಧನಾಗಿ ಕಿರಿಯ ಮಗಳನ್ನು ತೊರೆದಾಗ ಅವನ ನಿಷ್ಠಾವಂತ ಸಾಮಂತನಾದ ಕೆಂಟ್ ಅಡ್ಡಬರುತ್ತಾನೆ. ಮೊದಲು ಮರ್ಯಾದೆಯ ಮಾತುಗಳೇ. ಅವು ಕಿವುಡು ಕಿವಿಯ ಮೇಲೆ ಬಿದ್ದಾಗ ಕೆಂಟ್ ಸಿಂಹಾಸನದ ಮೇಲಿರುವವನನ್ನು ‘ದೌ’ ಎನ್ನುತ್ತಾನೆ, ಮುದುಕನೆನ್ನುತ್ತಾನೆ. ಅದು ತಿರಸ್ಕಾರವಲ್ಲ, ರಾಜನೊಳಗಿನ ಮನುಷ್ಯನನ್ನು ಹಿಡಿದು ಅಲ್ಲಾಡಿಸಲು ಅವನಿಗೆ ಉಳಿದಿದ್ದ ಕಡೆಯ ಉಪಾಯ. ಅದಕ್ಕೆ ತೆತ್ತ ಬೆಲೆ ಗಡೀಪಾರು. ಮಾಸ್ತಿಯವರಂಥ ಹಿರಿಯರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ರಾಜನಿಗೆ ಪ್ರಜೆ ‘ನೀನು’ ಎಂದರೆ ಏನಾಗುತ್ತದೆಂಬುದನ್ನು ಕನ್ನಡದ ಓದುಗನಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ.

ನಾಟಕದಲ್ಲಿ ಆದದ್ದು ನ್ಯಾಯಾಲಯದಲ್ಲಿಯೂ ಆಯಿತು. 1603ರ ನವೆಂಬರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಪ್ಲೇಗು ಹಬ್ಬಿದ್ದುದರಿಂದ ವಿಚಾರಣೆ ವಿಂಚೆಸ್ಟರಿನಲ್ಲಿ. ರಾಲಿ ಸಾಹಸಿ, ಕವಿ, ಹಿಂದಿನ ಎಲಿಜಬೆತ್ ರಾಣಿಯ ಕೃಪೆಗೆ ಪಾತ್ರನಾಗಿದ್ದವನು. ಸರಕಾರದ ಪರವಾಗಿ ವಾದಿಸಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್. ಕಾನೂನಿನ ಚರಿತ್ರೆಯಲ್ಲಿ ದೊಡ್ಡ ಹೆಸರು. ಆದರೆ ಅಂದು ಅವನಲ್ಲಿ ಸಾಕ್ಷ್ಯಕ್ಕಿಂತ ಆವೇಶ ಹೆಚ್ಚಾಗಿತ್ತು. ರಾಲಿಯನ್ನು ಹಾವೆಂದು ಬೈದು, ಏಕವಚನದಲ್ಲಿ ಕರೆದು, ಸಾಲದೆಂಬಂತೆ ತಾನು ಏಕವಚನದಲ್ಲಿ ಕರೆಯುತ್ತಿರುವೆನೆಂದು ಎತ್ತಿ ಹೇಳಿದ. ಬೈಗುಳಕ್ಕಿಂತ ಆ ಸರ್ವನಾಮವೇ ಹೆಚ್ಚು ಚುಚ್ಚಿರಬೇಕು. ಸೊಗಸೆಂದರೆ, 1602ರಲ್ಲಿಯೇ ಲಂಡನ್ನಿನ ವಕೀಲರ ಸಭಾಭವನವೊಂದರಲ್ಲಿ ಆಡಲಾಗಿದ್ದ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ, ಕಾಳಗಕ್ಕೆ ಕರೆಯುವ ಓಲೆಯಲ್ಲಿ ಎದುರಾಳಿಯನ್ನು ಮೂರು ಬಾರಿಯಾದರೂ ‘ದೌ’ ಎಂದು ಬರೆ ಎಂಬ ಉಪದೇಶ ಬರುತ್ತದೆ. ವಕೀಲರು ನಕ್ಕಿರಬೇಕು. ಮರುವರ್ಷ ಅದೇ ಆಯುಧ ಒಬ್ಬನ ಜೀವದ ಪ್ರಶ್ನೆಯಿದ್ದಲ್ಲಿ ಪ್ರಯೋಗವಾಯಿತು. ರಾಲಿಗೆ ಮರಣದಂಡನೆ ವಿಧಿಸಿದರು. ಹಲವು ವರ್ಷ ಸೆರೆಯಲ್ಲಿಟ್ಟು, ಕಡೆಗೆ 1618ರಲ್ಲಿ ಅದೇ ತೀರ್ಪಿನ ಮೇಲೆ ಅವನ ತಲೆ ಕಡಿದರು.

ಈ ಎರಡು ಮೆಟ್ಟಿಲುಗಳ ವ್ಯವಸ್ಥೆಯನ್ನು ಬುಡಮೇಲು ಮಾಡಲು ಹೊರಟವರು ಕ್ವೇಕರ್ ಪಂಥದವರು. ಹದಿನೇಳನೆಯ ಶತಮಾನದ ನಡುವಿನಲ್ಲಿ, ಅಂತರ್ಯುದ್ಧದಿಂದ ಇಂಗ್ಲೆಂಡ್ ಅಲ್ಲೋಲಕಲ್ಲೋಲವಾಗಿದ್ದಾಗ, ಜಾರ್ಜ್ ಫಾಕ್ಸ್ ಎಂಬಾತ ಊರೂರು ಸುತ್ತಿ ಬೋಧಿಸತೊಡಗಿದ. ಅವನು ನೇಯ್ಗೆಯವನೊಬ್ಬನ ಮಗ. ದೇವರ ಬೆಳಕು ಪ್ರತಿಯೊಬ್ಬ ಮನುಷ್ಯನ ಒಳಗೂ ಇದೆ, ಆದ್ದರಿಂದ ಮನುಷ್ಯ ಮನುಷ್ಯನಿಗೆ ತಲೆಬಾಗಬೇಕಾಗಿಲ್ಲ ಎಂದವನು. ಅವನ ಅನುಯಾಯಿಗಳು ಯಾರೆದುರಿಗೂ ಟೋಪಿ ತೆಗೆಯಲಿಲ್ಲ. ಬಡವನಿರಲಿ ಬಲ್ಲಿದನಿರಲಿ, ಗಂಡಾಗಲಿ ಹೆಣ್ಣಾಗಲಿ, ಒಬ್ಬರನ್ನು ‘ದೌ’ ಎಂದೇ ಕರೆದರು.

ಅವರ ವಾದ ಬಹು ಸರಳವಾಗಿತ್ತು. ಎದುರಿಗಿರುವವನು ಒಬ್ಬ. ಅವನನ್ನು ಹಲವರೆನ್ನುವುದು ಸುಳ್ಳು, ಸುಳ್ಳು ಪಾಪ. ಎರಡನೆಯದಾಗಿ, ಆ ಸುಳ್ಳು ಹುಟ್ಟಿದ್ದು ದೊಡ್ಡವರ ಅಹಂಕಾರವನ್ನು ತಣಿಸಲೆಂದು. ಮೂರನೆಯದು ಎಲ್ಲಕ್ಕಿಂತ ಚೂಪಾದದ್ದು: ಸೃಷ್ಟಿಕರ್ತನನ್ನೇ ಪ್ರತಿದಿನವೂ ಪ್ರಾರ್ಥನೆಯಲ್ಲಿ ‘ದೌ’ ಎನ್ನುತ್ತೀರಿ, ಅವನು ಕೋಪಿಸಿಕೊಳ್ಳುವುದಿಲ್ಲ, ಅವನು ಸಹಿಸುವುದನ್ನು ನೀವೇಕೆ ಸಹಿಸಲಾರಿರಿ? 1660ರಲ್ಲಿ ಫಾಕ್ಸ್ ತನ್ನ ಇಬ್ಬರು ಸಂಗಡಿಗರೊಡನೆ ಇದಕ್ಕೆಂದೇ ದಪ್ಪ ಪುಸ್ತಕವೊಂದನ್ನು ಹೊರತಂದ. ಜಗತ್ತಿನ ಹಲವು ಭಾಷೆಗಳಿಂದ ಉದಾಹರಣೆ ತೆಗೆದು, ಏಕವಚನವೆಂದರೇನು ಬಹುವಚನವೆಂದರೇನು ಎಂದು ಪಂಡಿತರಿಗೆ ಎಳೆಯ ಮಕ್ಕಳಿಗೆ ಹೇಳಿಕೊಡುವಂತೆ ಹೇಳಿಕೊಡುವ ಪುಸ್ತಕ ಅದು. ಅದರ ಪುಟಗಳಲ್ಲಿಯೇ ಮಕ್ಕಳ ಅಕ್ಷರಹಲಗೆಯ ಚಿತ್ರವನ್ನು ಅಚ್ಚುಹಾಕಿಸಿದ್ದರು.

ಇದರಿಂದ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ‘ದೌ’ ಎನ್ನಬಾರದೆಂಬ ಶಾಸನವೇನೋ ಇರಲಿಲ್ಲ. ಪ್ರಮಾಣ ಮಾಡಲು ಒಪ್ಪದ್ದು, ಇಗರ್ಜಿಯ ತೆರಿಗೆ ಕೊಡದಿದ್ದದ್ದು, ನಿಷಿದ್ಧವಾದ ಸಭೆ ಸೇರಿದ್ದು ಇಂಥ ಕಾರಣಗಳಿಗಾಗಿ ಸಾವಿರಾರು ಕ್ವೇಕರರು ಸೆರೆಮನೆ ಕಂಡರು. ಆದರೆ ನ್ಯಾಯಪೀಠದ ಮೇಲಿರುವ ಗಣ್ಯನನ್ನು ಟೋಪಿ ಹಾಕಿಕೊಂಡೇ ‘ನೀನು’ ಎಂದು ಮಾತಾಡಿಸಿದ ಕೈದಿಗೆ ಯಾವ ಕರುಣೆ ದೊರೆತೀತು?

ಮನೆಯೊಳಗಿನ ಕಷ್ಟ ಇನ್ನೂ ಕಠಿನವಾದದ್ದು. ಆಕ್ಸ್‌ಫರ್ಡ್ ಸೀಮೆಯ ಥಾಮಸ್ ಎಲ್‌ವುಡ್ ಎಂಬ ಯುವಕ 1659ರ ಸುಮಾರಿಗೆ ಕ್ವೇಕರನಾದ. ಅವನ ತಂದೆ ಊರಿನ ಗಣ್ಯ, ಸ್ವತಃ ನ್ಯಾಯಾಧಿಕಾರಿ. ತನ್ನೆದುರಿಗೆ ಟೋಪಿ ತೆಗೆಯದ ಮಗನ ಟೋಪಿಗಳನ್ನು ತಂದೆ ಒಂದೊಂದಾಗಿ ಕಿತ್ತುಕೊಂಡ. ಟೋಪಿಯ ಜಗಳ ಹಾಗೆ ಮುಗಿಯಿತು. ಮಾತಿನ ಜಗಳ ಮುಗಿಯಲಿಲ್ಲ. ಅಪ್ಪನೊಡನೆ ಮಾತಾಡಬೇಕಾಗಿ ಬಂದಾಗಲೆಲ್ಲ ಮಗನ ಬಾಯಿಯಲ್ಲಿ ‘ಯೂ’ ಬರದು, ‘ದೌ’ ಬರುವುದು. ಬಂದೊಡನೆ ತಂದೆಯ ಮುಷ್ಟಿ ಅವನ ಮೇಲೆ ಬೀಳುವುದು. ಎಲ್‌ವುಡ್ ತನ್ನ ಆತ್ಮಕಥೆಯಲ್ಲಿ ಇದನ್ನು ದ್ವೇಷವಿಲ್ಲದೆ ಬರೆದಿದ್ದಾನೆ. ಅದನ್ನು ಓದಿದಾಗ ನನಗೆ ಮಗನ ಮೇಲೆ ಎಷ್ಟು ಮರುಕವಾಯಿತೋ ತಂದೆಯ ಮೇಲೂ ಅಷ್ಟೇ ಆಯಿತು. ಆ ಮುದುಕನಿಗೆ ಕೇಳಿಸುತ್ತಿದ್ದದ್ದು ಸತ್ಯನಿಷ್ಠೆಯಲ್ಲ. ಹೆತ್ತ ಮಗನು ಆಳನ್ನು ಕರೆದಂತೆ ತನ್ನನ್ನು ಕರೆಯುತ್ತಿದ್ದಾನೆ ಎಂಬುದು. ನಮ್ಮ ಯಾವ ಊರಿನ ಯಾವ ತಂದೆಗಾದರೂ ಹಾಗೆಯೇ ಕೇಳಿಸೀತು.

ಈ ಎಲ್‌ವುಡ್ ಮುಂದೆ 1662ರಲ್ಲಿ ಕುರುಡನಾಗಿದ್ದ ಮಿಲ್ಟನ್ ಕವಿಗೆ ಲ್ಯಾಟಿನ್ ಗ್ರಂಥಗಳನ್ನು ಓದಿ ಹೇಳುವ ಕೆಲಸಕ್ಕೆ ಸೇರಿದ. 1665ರಲ್ಲಿ ಲಂಡನ್ನಿಗೆ ಪ್ಲೇಗು ಬಂದಾಗ ಕವಿಗೆ ಹಳ್ಳಿಯಲ್ಲಿ ಮನೆ ಹುಡುಕಿಕೊಟ್ಟವನೂ ಅವನೇ. ಆಗ ಮಿಲ್ಟನ್ ಅವನ ಕೈಗೆ ಒಂದು ಹಸ್ತಪ್ರತಿಯನ್ನು ಕೊಟ್ಟು, ಓದಿ ಅಭಿಪ್ರಾಯ ಹೇಳೆಂದ. ಅದು ‘ಪ್ಯಾರಡೈಸ್ ಲಾಸ್ಟ್’. ಓದಿ ಹಿಂದಿರುಗಿಸುವಾಗ ಎಲ್‌ವುಡ್, ಕಳೆದುಹೋದ ಸ್ವರ್ಗದ ವಿಷಯ ಬಹಳ ಹೇಳಿದೆ, ಮರಳಿ ದೊರೆತ ಸ್ವರ್ಗದ ವಿಷಯ ಏನು ಹೇಳುತ್ತೀ ಎಂಬರ್ಥದ ಪ್ರಶ್ನೆ ಕೇಳಿದ. ಕವಿ ಉತ್ತರಿಸದೆ ಯೋಚನೆಯಲ್ಲಿ ಮುಳುಗಿದ. 1671ರಲ್ಲಿ ‘ಪ್ಯಾರಡೈಸ್ ರೀಗೇನ್ಡ್’ ಪ್ರಕಟವಾಯಿತು. ಈ ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು. ಆದರೆ ಇಪ್ಪತ್ತೈದು ಇಪ್ಪತ್ತಾರರ ಆ ತರುಣ ತನ್ನ ಇಮ್ಮಡಿ ವಯಸ್ಸಿನ ಮಹಾಕವಿಯನ್ನು ಕೇಳಿದ್ದು ‘ದೌ’ ಎಂದು. ತನ್ನ ತಂದೆ ಗುದ್ದಿ ಅಡಗಿಸಲಾರದೆ ಹೋದ ಅದೇ ಪದದಿಂದ. ಮಿಲ್ಟನ್ ಅದಕ್ಕೆ ಬೇಸರಿಸಿಕೊಂಡಂತೆ ಎಲ್‌ವುಡ್ಡನ ಬರಹದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ವಿಲಿಯಂ ಪೆನ್ ಎಂಬವನ ತಂದೆ ನೌಕಾಪಡೆಯ ಅಡ್ಮಿರಲ್. ಮಗ ಕ್ವೇಕರನಾದಾಗ ಅವನು ರಾಜಿಗೆ ಬಂದನಂತೆ: ಯಾರನ್ನು ಬೇಕಾದರೂ ‘ದೌ’ ಎನ್ನು, ಮೂವರನ್ನು ಮಾತ್ರ ಬಿಡು, ದೊರೆಯನ್ನು, ದೊರೆಯ ತಮ್ಮನಾದ ಯಾರ್ಕಿನ ಡ್ಯೂಕನನ್ನು, ಮತ್ತು ನನ್ನನ್ನು. ಮಗ ಒಪ್ಪಲಿಲ್ಲ. ಮುಂದೆ 1681ರಲ್ಲಿ ಅದೇ ದೊರೆಯಿಂದ ಸನ್ನದು ಪಡೆದು ಅಮೆರಿಕದಲ್ಲಿ ಪೆನ್ಸಿಲ್ವೇನಿಯಾವನ್ನು ಸ್ಥಾಪಿಸಿದವನು ಈ ಪೆನ್.

ಇಷ್ಟೆಲ್ಲ ಆದಮೇಲೆ ಗೆದ್ದವರು ಯಾರು? ಎಲ್ಲರಿಗೂ ಒಂದೇ ಪದವಿರಬೇಕೆಂಬ ಕ್ವೇಕರರ ಬಯಕೆಯೇನೋ ಕೈಗೂಡಿತು. ಆದರೆ ಆ ಪದ ಅವರು ಬಯಸಿದ್ದಲ್ಲ. ಎಲ್ಲರೂ ‘ದೌ’ ಆಗಲಿಲ್ಲ, ಎಲ್ಲರೂ ‘ಯೂ’ ಆದರು. ಅದಕ್ಕೆ ಕಾರಣ ಧರ್ಮಬೋಧೆಯಲ್ಲ, ಪೇಟೆಯ ಬಾಳು ಎಂದು ಚರಿತ್ರಕಾರರಲ್ಲಿ ಅನೇಕರ ಅಭಿಪ್ರಾಯ. ಹಳ್ಳಿಯಲ್ಲಿ ಎದುರಿಗೆ ಬಂದವನು ಯಾರ ಮಗ, ಎಷ್ಟು ಭೂಮಿಯವನು ಎಂಬುದು ತಿಳಿದಿರುತ್ತದೆ. ಬೆಳೆಯುತ್ತಿದ್ದ ಲಂಡನ್ನಿನಲ್ಲಿ ಒಳ್ಳೆಯ ಬಟ್ಟೆ ತೊಟ್ಟ ವರ್ತಕ ಯಾವನು, ಗಣ್ಯ ಯಾವನು ಎಂದು ಹೇಳುವುದು ಹೇಗೆ? ಅನುಮಾನವಿದ್ದಲ್ಲಿ ‘ಯೂ’ ಎಂದುಬಿಟ್ಟರೆ ಅಪಾಯವಿಲ್ಲ. ಹೆಚ್ಚಿನ ಮರ್ಯಾದೆಗಾಗಿ ಯಾರೂ ಜಗಳಕ್ಕೆ ಬರುವುದಿಲ್ಲ. ಮೇಲಾಗಿ ‘ದೌ’ ಎಂದರೆ ಒಂದೋ ಒರಟ, ಇಲ್ಲವೇ ಕ್ವೇಕರ ಎನ್ನಿಸಿಕೊಳ್ಳಬೇಕಾಗಿತ್ತು. ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ ಪೇಟೆಯ ಶಿಷ್ಟರ ಮಾತಿನಿಂದ ಅದು ಮರೆಯಾಯಿತು. ಯಾರ್ಕ್‌ಷೈರ್, ಲ್ಯಾಂಕಷೈರ್‌ಗಳ ಹಳ್ಳಿಗಾಡಿನ ಮಾತಿನಲ್ಲಿ ಉಳಿದುಕೊಂಡಿತು. ಕ್ವೇಕರರ ಮನೆಗಳಲ್ಲಿಯೂ ಉಳಿಯಿತು. ಎಲ್ಲರನ್ನೂ ಒಂದುಗೂಡಿಸಬೇಕೆಂದು ಅವರು ಎತ್ತಿಹಿಡಿದ ಪದ ಕೊನೆಗೆ ಅವರನ್ನು ಉಳಿದವರಿಂದ ಬೇರ್ಪಡಿಸುವ ಗುರುತಾಯಿತು.

ಪದವೊಂದು ಹೋದರೆ ಅದರ ಜಾಗ ಬರಿದಾಗುತ್ತದೆ. ‘ಯೂ’ ಎಂದರೆ ಒಬ್ಬನೋ ಹಲವರೋ ಎಂಬುದೇ ತಿಳಿಯದಾಯಿತು. ಹದಿನೆಂಟನೆಯ ಶತಮಾನದಲ್ಲಿ ಜನರು ತಾವೇ ಒಂದು ಉಪಾಯ ಮಾಡಿಕೊಂಡರು: ಒಬ್ಬನಿಗೆ ‘ಯೂ ವಾಸ್’, ಹಲವರಿಗೆ ‘ಯೂ ವರ್’. ಆದರೆ 1762ರಲ್ಲಿ ರಾಬರ್ಟ್ ಲೌತ್ ಎಂಬ ವೈಯಾಕರಣ ತನ್ನ ವ್ಯಾಕರಣ ಗ್ರಂಥದಲ್ಲಿ ‘ಯೂ ವಾಸ್’ ಎಂಬುದು ಘೋರ ತಪ್ಪೆಂದು ವಿಧಿಸಿದ. ಶಾಲೆಗಳು ಅದನ್ನೇ ಪಾಲಿಸಿದವು. ಜನ ಸುಮ್ಮನಾಗಲಿಲ್ಲ. ಅಮೆರಿಕದ ದಕ್ಷಿಣದವರು ‘ಯೂ ಆಲ್’ ಎಂಬುದನ್ನು ಕುಗ್ಗಿಸಿ ‘ಯಾಲ್’ ಎಂದರು. ಐರ್ಲೆಂಡಿನಲ್ಲಿ, ಲಿವರ್‌ಪೂಲಿನಲ್ಲಿ ‘ಯೂಸ್’ ಎಂದರು. ಪಿಟ್ಸ್‌ಬರ್ಗಿನವರು ‘ಯಿನ್ಸ್’ ಎಂದರು. ಪಂಡಿತರು ಇವನ್ನು ಅಶುದ್ಧವೆಂದರೂ, ಕಳೆದುಹೋದುದನ್ನು ಮತ್ತೆ ಕಟ್ಟಿಕೊಳ್ಳುವ ಜನಸಾಮಾನ್ಯರ ಜಾಣ್ಮೆಯನ್ನು ನಾನು ಇವುಗಳಲ್ಲಿ ಕಾಣುತ್ತೇನೆ.

ಆತ್ಮೀಯತೆಯ ಜಾಗವನ್ನು ಮಾತ್ರ ಯಾರೂ ತುಂಬಲಾಗಲಿಲ್ಲ. ಅಲ್ಲಿ ಒಂದು ವಿಪರೀತವೇ ನಡೆಯಿತು. 1611ರಲ್ಲಿ ಪ್ರಕಟವಾದ ಬೈಬಲಿನ ಪ್ರಸಿದ್ಧ ಅನುವಾದದಲ್ಲಿ ಒಬ್ಬರಿದ್ದರೆ ‘ದೌ’, ಹಲವರಿದ್ದರೆ ‘ಯೀ’ ಎಂಬ ಹಳೆಯ ಎಣಿಕೆಯನ್ನೇ ಪಾಲಿಸಿದ್ದಾರೆ. ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಇದ್ದದ್ದೇ ಹಾಗೆ. ದೇವರಿಗೂ ‘ದೌ’, ಸೈತಾನನಿಗೂ ‘ದೌ’, ದೊರೆಗೂ ದನ ಕಾಯುವವನಿಗೂ ‘ದೌ’. ಬೀದಿಯಿಂದ ಈ ಪದ ಮರೆಯಾದ ಮೇಲೂ ಇಗರ್ಜಿಯಲ್ಲಿ ಕೇಳಿಸುತ್ತಿತ್ತು. ದೇವರ ಮುಂದೆ ಮಾತ್ರ ಕೇಳಿಸುವ ಪದ ಅತ್ಯಂತ ಗೌರವದ್ದೇ ಇರಬೇಕೆಂದು ಜನ ಬಗೆದರು. 1952ರ ಪರಿಷ್ಕೃತ ಬೈಬಲು ಉಳಿದವರಿಗೆಲ್ಲ ‘ಯೂ’ ಕೊಟ್ಟು ದೇವರಿಗೆ ಮಾತ್ರ ‘ದೌ’ ಉಳಿಸಿತು. 1989ರ ಪರಿಷ್ಕರಣ ಅದನ್ನೂ ಬಿಟ್ಟಿತು. ಹೀಗೆ ಮಗು ತಾಯಿಯನ್ನು ಕರೆಯುವಂತೆ ದೇವರನ್ನು ಕರೆಯಲೆಂದು ಇದ್ದ ಪದ ಪೀತಾಂಬರ ಉಟ್ಟು ದೂರ ನಿಂತಿತು. ‘ದೌ’ ಎಂಬುದನ್ನು ಕಂಡಲ್ಲೆಲ್ಲ ‘ತಾವು’ ಎಂದು ಅನುವಾದಿಸಹೊರಟ ತರುಣ ಮಿತ್ರರೊಬ್ಬರನ್ನು ನಾನು ಬಲ್ಲೆ. ತಪ್ಪು ಅವರದಲ್ಲ, ಇಂದಿನ ಇಂಗ್ಲಿಷರೇ ಬಹುಮಂದಿ ಹಾಗೆ ತಿಳಿದಿದ್ದಾರೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದವು. 1793ರಲ್ಲಿ, ಕ್ರಾಂತಿಯ ಕಾವಿನಲ್ಲಿ, ಫ್ರಾನ್ಸಿನ ಕ್ರಾಂತಿಕಾರರು ನಾಗರಿಕರೆಲ್ಲರೂ ಒಬ್ಬರನ್ನೊಬ್ಬರು ‘ತು’ ಎನ್ನಬೇಕೆಂದು ಒತ್ತಾಯ ಹೂಡಿದರು. ಕಾವು ಆರಿದಮೇಲೆ ‘ವೂ’ ಮರಳಿತು. ಸ್ವೀಡನ್ನಿನಲ್ಲಿ 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥನಾದ ಬ್ರೂರ್ ರೆಕ್ಸೆಡ್ ಕಚೇರಿಯಲ್ಲಿ ಎಲ್ಲರನ್ನೂ ಏಕವಚನದ ‘ದೂ’ ಎಂದೇ ಕರೆಯುವುದಾಗಿ ಸಾರಿದ; ಆಗಲೇ ಹಬ್ಬುತ್ತಿದ್ದ ಆ ಪದ್ಧತಿ ಕೆಲವೇ ವರ್ಷಗಳಲ್ಲಿ ದೇಶದ ಪದ್ಧತಿಯಾಯಿತು. ಜಾರ್ಜ್ ಫಾಕ್ಸ್ ಇಂಗ್ಲೆಂಡಿನಲ್ಲಿ ಕಂಡ ಕನಸು ಮುನ್ನೂರು ವರ್ಷಗಳ ಮೇಲೆ ಸ್ವೀಡನ್ನಿನಲ್ಲಿ ನನಸಾಯಿತು ಎನ್ನಬಹುದು. ಒಂದು ದೇಶದಲ್ಲಿ ಎಲ್ಲರೂ ಮೆಟ್ಟಿಲು ಹತ್ತಿ ಸಮರಾದರು. ಇನ್ನೊಂದರಲ್ಲಿ ಎಲ್ಲರೂ ಇಳಿದು ಸಮರಾದರು.

ಹಾಗೆಂದು ಸರ್ವನಾಮ ಸಮವಾದೊಡನೆ ಸಮಾಜ ಸಮವಾಯಿತೇ? ಎಲ್ಲರನ್ನೂ ‘ಯೂ’ ಎಂದ ಇಂಗ್ಲಿಷ್ ದೊರೆತನವೇ ನಮ್ಮನ್ನು ಆಳಿತು. ಅಧಿಕಾರ ಸರ್ವನಾಮವನ್ನು ಬಿಟ್ಟು ಹೋದರೆ ‘ಸರ್’ ಎಂಬಲ್ಲಿ ಕೂರುತ್ತದೆ, ಕುರ್ಚಿಯಲ್ಲಿ ಕೂರುತ್ತದೆ, ದನಿಯಲ್ಲಿ ಕೂರುತ್ತದೆ. ಇದು ನಿಜವಾದರೂ, ಪದ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಹಾಗಿದ್ದಿದ್ದರೆ ಎಲ್‌ವುಡ್ಡನ ತಂದೆ ಮುಷ್ಟಿ ಎತ್ತುತ್ತಿರಲಿಲ್ಲ.

ನಮ್ಮಲ್ಲಿ ಇನ್ನೂ ಎರಡು ಪದಗಳಿವೆ. ‘ತಾವು’ ಸೇರಿದರೆ ಮೂರು. ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವವನು ಪ್ರತಿಯೊಂದು ‘ಯ���’ ಎದುರಿಗೂ ನಿಂತು ಯೋಚಿಸಬೇಕಾಗುತ್ತದೆ: ಈ ಹುಡುಗ ಹುಡುಗಿ ಯಾವ ಪುಟದಲ್ಲಿ ‘ನೀವು’ ಬಿಟ್ಟು ‘ನೀನು’ಗೆ ಬರಬೇಕು? ಮೂಲ ಲೇಖಕನಿಗೆ ಇಲ್ಲದ ಈ ಚಿಂತೆ ಅನುವಾದಕನಿಗೆ ಹೊರೆಯೂ ಹೌದು, ಸಂಪತ್ತೂ ಹೌದು. ಆದರೆ ಈ ಸಂಪತ್ತು ಎಂಥ ನೆಲದಲ್ಲಿ ಬೆಳೆದದ್ದೆಂಬುದನ್ನು ಮರೆಯಬಾರದು. ಎಪ್ಪತ್ತರ ಕೂಲಿಯಾಳನ್ನು ಧಣಿಯ ಹತ್ತು ವರ್ಷದ ಮಗ ‘ಏನೋ, ಬಾರೋ’ ಎನ್ನುವುದನ್ನೂ, ಆ ಮುದುಕ ‘ಬಂದೆ ಬುದ್ಧಿ’ ಎನ್ನುವುದನ್ನೂ ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅದೇ ಹುಡುಗ ಮನೆಗೆ ಹೋಗಿ ತಾಯಿಯ ಕೊರಳಿಗೆ ಜೋತುಬಿದ್ದು ‘ನೀನು ನನಗೆ ಕಥೆ ಹೇಳು’ ಎನ್ನುತ್ತಿದ್ದ. ಎರಡೂ ಏಕವಚನವೇ. ಒಂದಕ್ಕೆ ತಿರುಗಿ ಉತ್ತರವಿತ್ತು, ಇನ್ನೊಂದಕ್ಕೆ ಇರಲಿಲ್ಲ.

ತಾಯಿಗೆ ಸಲ್ಲುವ ‘ನೀನು’ ನಮ್ಮ ನುಡಿಯಿಂದ ಎಂದಿಗೂ ಹೋಗದಿರಲಿ. ಕೂಲಿಯವನಿಗೆ, ಬೀದಿ ಗುಡಿಸುವವಳಿಗೆ, ತರಕಾರಿ ಮಾರುವ ಮುದುಕಿಗೆ ನಾವು ಅಭ್ಯಾಸಬಲದಿಂದ ಎಸೆಯುವ ‘ನೀನು’ ಇದೆಯಲ್ಲ, ಅದನ್ನು ಬಿಡಲು ನಮಗೆ ಇಂಗ್ಲಿಷರಂತೆ ಮುನ್ನೂರು ವರ್ಷ ಬೇಕಾಗಿಲ್ಲ, ಭಾಷೆಯಿಂದ ಒಂದು ಪದವನ್ನೇ ಕಿತ್ತುಹಾಕಬೇಕಾಗಿಯೂ ಇಲ್ಲ. ನಾಳೆ ಬೆಳಿಗ್ಗೆ ಬಾಗಿಲಿಗೆ ಸೊಪ್ಪಿನವಳು ಬಂದಾಗ ‘ಏನು ತಂದಿದ್ದೀರಮ್ಮಾ’ ಎಂದು ಕೇಳಿದರೆ ಸಾಕು.